ಹಳೇ ಪಿಸಿಗೆ ಮಾಡೆಲ್ ಎಂ ಕೀಬೋರ್ಡೋ, ಚೆರ್ರಿ ಬ್ಲೂ ಸ್ವಿಚ್ಚೋ?

ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ರಾಶಿಯಲ್ಲಿ ಐಬಿಎಂ ಮಾಡೆಲ್ ಎಂ ಕಂಡರೆ, ಬೆಲೆ ಕೇಳುವ ಮೊದಲು ಪ್ರತಿ ಕೀ ಒತ್ತಿ ನೋಡಿ. 1985ರ ವಿನ್ಯಾಸ, ಒಳಗಿನ ಸ್ಪ್ರಿಂಗ್ ಬಾಗಿ ಟಕ್ಕೆನ್ನುತ್ತದೆ. ಬೆರಳಿಗೆ ಅಂಥ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮನೆಯವರ ನಿದ್ದೆಯ ಹೊಣೆ ನಿಮ್ಮದು! ಬಾಳಿಕೆಯಲ್ಲಿ ಒಂದೇ ಹುಳುಕು: ಒಳಗಿನ ಪದರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್‌ಗಳು (ಮೊಳೆಯಂಥ ಗುಬುಟುಗಳು) ಹಳತಾದಂತೆ ಮುರಿಯುತ್ತವೆ. ಅವನ್ನು ತೆಗೆದು ಸಣ್ಣ ಬೋಲ್ಟ್ ಕೂರಿಸಲು ತಾಳ್ಮೆ ಬೇಕು.

ಚೆರ್ರಿ ಬ್ಲೂ, ಅಂದರೆ ಪ್ರತಿ ಕೀ ಕೆಳಗೆ ಚೆರ್ರಿ ಕಂಪನಿಯ ನೀಲಿ ಸ್ವಿಚ್ ಇರುವ ಕೀಬೋರ್ಡ್, ಒತ್ತಲು ಹಗುರ, ಸದ್ದು ತೆಳು. ಕೆಟ್ಟ ಸ್ವಿಚ್ ಒಂದನ್ನೇ ಬದಲಿಸಬಹುದು. ಹಾಟ್‌ಸ್ವಾಪ್ (ಸ್ವಿಚ್ ಕಿತ್ತು ಸಿಕ್ಕಿಸುವಂಥ) ಕೀಬೋರ್ಡಾದರೆ ಸೋಲ್ಡರಿಂಗೂ ಬೇಡ.

ಪಿನ್ನು ಮರೆಯಬೇಡಿ. ಪಿಎಸ್/2 (ಹಳೇ ಪಿಸಿಗಳ ದುಂಡು ಕೀಬೋರ್ಡ್ ಕಿಂಡಿ) ಮಾತ್ರ ಇರುವ ಯಂತ್ರಕ್ಕೆ ಪಿಎಸ್/2 ಪಿನ್ನಿನ ಮಾಡೆಲ್ ಎಂ ನೇರ ಕೂರುತ್ತದೆ. ಹೊಸ ಯುಎಸ್‌ಬಿ ಕೀಬೋರ್ಡಿಗೆ ಪಿಎಸ್/2 ಭಾಷೆ ಗೊತ್ತಿಲ್ಲದಿದ್ದರೆ ಅಗ್ಗದ ಅಡಾಪ್ಟರ್ ಹಾಕಿದರೂ ದಂಡ, ಕೆಲಸ ಮಾಡದು. ಹಳೇ ಪಿಸಿಗೂ ಲ್ಯಾಪ್‌ಟಾಪಿಗೂ ಒಂದೇ ಕೀಬೋರ್ಡ್ ಬೇಕೆಂದರೆ ಪಿಎಸ್/2 ಬಲ್ಲ ಯುಎಸ್‌ಬಿ ಬ್ಲೂ ಕೊಳ್ಳಿ.