ಲೇಸರ್ ಕಟಿಂಗ್‌ಗೆ ಫೈಲ್ ಕಳಿಸುವ ಮುಂಚೆ ಇದನ್ನು ಓದಿಬಿಡಿ

ಮಾಡೆಲ್ ರೈಲಿನ ಹುಚ್ಚು ಇರುವವರು ಯಾರಾದರೂ ಈಗ ಮಾಡೆಲ್ ಕಟ್ಟಡದ ಗೋಡೆ ಕೊಯ್ಸಲು ಲೇಸರ್ ಕಟಿಂಗ್ ಅಂಗಡಿಗೆ ಹೊರಟಿದ್ದರೆ ಐದು ನಿಮಿಷ ನಿಲ್ಲಿ. ನನ್ನ 6,000 ರೂಪಾಯಿ ಮತ್ತು ಎರಡು ತಿಂಗಳ ಭಾನುವಾರಗಳು ಹೋದವು. ನಿಮ್ಮದಾದರೂ ಉಳಿಯಲಿ.

ನಾನು ಮಾಡಲು ಹೊರಟಿದ್ದು ಒಂದು ಹತ್ತಿ ಮಿಲ್ಲು. ನಮ್ಮ ಅಜ್ಜ ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. 1884ರಲ್ಲಿ ಶುರುವಾದ ಮಿಲ್ಲು ಅದು, ಈಗ ಆ ಕಡೆ ಹೋದರೆ ಅಪಾರ್ಟ್‌ಮೆಂಟುಗಳೇ ಕಾಣುತ್ತವೆ. ಅದರದ್ದೇ ನಕಲು ಅಂತಲ್ಲ, ಆ ಕಾಲದ ಮಿಲ್ಲುಗಳ ಕಳೆ ಇರಲಿ ಅಂತ: ಕೆಂಪು ಇಟ್ಟಿಗೆ ಗೋಡೆ, ಎತ್ತರದ ಚಿಮಣಿ, ಗರಗಸದ ಹಲ್ಲಿನ ಥರದ ಚಾವಣಿ, ಗೇಟಿನ ಒಳಗೇ ಹೋಗುವ ಒಂದು ಗೂಡ್ಸ್ ಸೈಡಿಂಗ್, ಅಂದರೆ ಸರಕಿನ ವ್ಯಾಗನ್ ಬಂದು ನಿಲ್ಲುವ ಪಕ್ಕದ ಹಳಿ. ಆ ಗರಗಸದ ಚಾವಣಿ ಸುಮ್ನೆ ಚೆಂದಕ್ಕೆ ಮಾಡುತ್ತಿದ್ದುದಲ್ಲ. ಹಲ್ಲಿನ ಕಡಿದಾದ ಕಡೆ ಗಾಜು ಹಾಕಿ ಉತ್ತರಕ್ಕೆ ತಿರುಗಿಸಿದರೆ, ನೇರ ಬಿಸಿಲು ಬೀಳದೆ ಒಂದೇ ಸಮ ಬೆಳಕು ಬರುತ್ತದೆ, ಮಗ್ಗದ ಮುಂದೆ ನಿಂತವರಿಗೆ ನೂಲು ಸರಿಯಾಗಿ ಕಾಣಬೇಕಲ್ವಾ. ಅಂದರೆ ಈ ಕಟ್ಟಡಕ್ಕೆ ಎಡ ಬಲ ಅಂತ ಇದೆ. ಅದನ್ನು ನೆನಪಿಟ್ಟುಕೊಳ್ಳಿ.

ಅಮ್ಮ ಪ್ರತಿ ವರ್ಷ ದಸರಾ ಗೊಂಬೆ ಕೂರಿಸುತ್ತಾರೆ. ಈ ಸಲ ಮೆಟ್ಟಿಲ ಸುತ್ತ ರೈಲು ಓಡಿಸುತ್ತೇನೆ ಅಂತ ನಾನೇ ಮಾತು ಕೊಟ್ಟಿದ್ದೆ. ಎಲ್ಲ ಅವಸರವೂ ಅಲ್ಲಿಂದಲೇ.

ನಾನು ಹೋದ ಅಂಗಡಿಗೆ ಬರುವವರಲ್ಲಿ ಆರ್ಕಿಟೆಕ್ಚರ್ ಓದುವ ಹುಡುಗರೇ ಜಾಸ್ತಿ. ಅವರ ಲೆಕ್ಕ 1:100, ಅಂದರೆ ನಿಜವಾದ ಅಳತೆಯ ನೂರನೇ ಒಂದು ಪಾಲು. ನನ್ನದು ಮಾಡೆಲ್ ರೈಲಿನ ಎಚ್‌ಓ ಸ್ಕೇಲ್, ಅಂದರೆ 1:87. ನಾನು ಪೆದ್ದನ ಹಾಗೆ ನಿಜವಾದ ಅಳತೆಯಲ್ಲೇ ಚಿತ್ರ ಬರೆದು, 'ಎಚ್‌ಓ ಸ್ಕೇಲಿಗೆ ಇಳಿಸಿ ಕಟ್ ಮಾಡಿ' ಅಂತ ವಾಟ್ಸಾಪ್ ಮಾಡಿದೆ. 'ಆಯ್ತು ಸಾರ್' ಅಂತ ಉತ್ತರ ಬಂತು. ಪೂರ್ತಿ 4,200 ರೂಪಾಯಿ ಮುಂಗಡವಾಗಿ ಕೊಟ್ಟೆ. ಬಂದದ್ದು 1:100ರಲ್ಲಿ.

87ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ. 2.1 ಮೀಟರ್ ಬಾಗಿಲು 24 ಮಿ.ಮೀ. ಬರಬೇಕಾದ್ದು 21 ಬಂತು, ಅದನ್ನು ಹೇಗೋ ಸಹಿಸಬಹುದಿತ್ತು. ಗೇಟನ್ನು ಸಹಿಸಲು ಆಗಲಿಲ್ಲ. 4 ಮೀಟರ್ ಗೇಟು 46 ಮಿ.ಮೀ. ಇರಬೇಕಿತ್ತು, 40ಕ್ಕೆ ಇಳಿದಿತ್ತು. ಕಲ್ಲಿದ್ದಲು ಸಾಗಿಸುವ ನಮ್ಮ ಬಾಕ್ಸ್‌ಎನ್ ವ್ಯಾಗನ್ನೇ ಎಚ್‌ಓದಲ್ಲಿ ಸುಮಾರು 37 ಮಿ.ಮೀ. ಅಗಲ. ಹಳಿ ನೇರವಾಗಿದ್ದರೆ ಉಸಿರು ಬಿಗಿಹಿಡಿದು ನುಗ್ಗುತ್ತಿತ್ತೇನೋ, ಆದರೆ ನನ್ನ ಸೈಡಿಂಗ್ ಗೇಟಿನ ಹತ್ತಿರ ತಿರುಗುತ್ತದೆ, ತಿರುವಿನಲ್ಲಿ ವ್ಯಾಗನ್ನಿನ ನಡು ಒಳಗಡೆಗೂ ಮೂಲೆಗಳು ಹೊರಗಡೆಗೂ ಚಾಚುತ್ತವೆ. ಸಿಕ್ಕಿಕೊಂಡಿತು. ಇನ್ನೊಂದು, ಗೇಟಿನ ಅಳತೆಯನ್ನು ಹಳಿ ನೋಡಿ ಅಂದಾಜು ಮಾಡಬೇಡಿ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,676 ಮಿ.ಮೀ., ಎಚ್‌ಓಗೆ ಇಳಿಸಿದರೆ 19 ಮಿ.ಮೀ. ದಾಟಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಆ ಸುಳ್ಳಿನ ಮೇಲೇ ನಾವೆಲ್ಲ ರೈಲು ಓಡಿಸುತ್ತಿದ್ದೇವೆ.

ಈಗ ಎಡ ಬಲದ ಕಥೆ. ಎರಡು ತುದಿಯ ಗೋಡೆಗಳು ಒಂದಕ್ಕೊಂದು ಕನ್ನಡಿಯ ಹಾಗೆ ಇರಬೇಕು. ಫೈಲಿನಲ್ಲಿ ಒಂದನ್ನೇ ಬರೆದು ಪಕ್ಕದಲ್ಲಿ 'ಎರಡು' ಅಂತ ಹಾಕಿದ್ದೆ. ಅವರು ಎರಡನ್ನೂ ಒಂದೇ ಥರ ಕಟ್ ಮಾಡಿದರು. ತಿರುಗಿಸಿ ಇಟ್ಟರೆ ಹಲ್ಲುಗಳೇನೋ ಹೊಂದುತ್ತವೆ, ಆದರೆ ಒಂದೇ ಕಡೆ ಕೆತ್ತಿದ ಇಟ್ಟಿಗೆ ಗೆರೆ ಮಿಲ್ಲಿನ ಒಳಗೆ ಹೋಗುತ್ತದೆ!

ಹೋಗಿ ಕೇಳಿದೆ. 'ಎಚ್‌ಓ ಅಂದ್ರೆ ನಮಗೇನ್ ಗೊತ್ತು ಸಾರ್, ಎಲ್ರೂ ಹಂಡ್ರೆಡ್ಡೇ ಕೇಳೋದು' ಅಂದರು. ದುಡ್ಡು ವಾಪಸ್ ಬರಲಿಲ್ಲ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ಅನ್ನುವ ಸಿಟ್ಟು ಇನ್ನೂ ಇದೆ, ಆದರೆ ಅರ್ಧ ತಪ್ಪು ನನ್ನದೇ. ಅವರೇ ಒಂದು ಉಪಾಯವನ್ನೂ ಹೇಳಿದರು: 'ಸನ್‌ಬೋರ್ಡ್‌ನಲ್ಲಿ ಮಾಡಿ ಕೊಡ್ತೀವಿ, ಅಗ್ಗ.' ದಯವಿಟ್ಟು ಇದಕ್ಕೆ ಒಪ್ಪಬೇಡಿ. ಸನ್‌ಬೋರ್ಡ್ ಅಂತ ಸಿಗುವುದು ಸಾಮಾನ್ಯವಾಗಿ ಪಿವಿಸಿ ಪ್ಲಾಸ್ಟಿಕ್. ಅದನ್ನು ಲೇಸರ್‌ನಲ್ಲಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿಗೂ ತುಕ್ಕು. ಸಣ್ಣ ತುಂಡೊಂದನ್ನು ಕಟ್ ಮಾಡಿ ತೋರಿಸಿದ್ದಕ್ಕೇ ನನ್ನ ಕಣ್ಣು ಉರಿಯಿತು. ಪಿವಿಸಿ ಬೇಕೇ ಬೇಕು ಅಂದರೆ ಕಟರ್ ಬ್ಲೇಡಿನಲ್ಲಿ ಕೊಯ್ದುಕೊಳ್ಳಿ.

ಬೇರೆ ಕಡೆ ಗೋಡೆಗಳನ್ನಷ್ಟೇ ಮತ್ತೆ ಮಾಡಿಸಿದೆ, 1,800 ರೂಪಾಯಿ, 3 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಈ ಸಲ ಅಳತೆ ಸರಿಯಾಗಿತ್ತು. ಆದರೆ ಸೆಪ್ಟೆಂಬರ್ ಮಳೆ, ಮನೆಯಲ್ಲಿ ಟವಲ್ಲೇ ಒಣಗುತ್ತಿರಲಿಲ್ಲ. ಅದರಲ್ಲಿ ನಾನು ನೀರಿನ ಪೇಂಟನ್ನು ಹೊರಗಡೆಗೆ ಮಾತ್ರ ಬಳಿದೆ. ಬೆಳಗ್ಗೆ ಎದ್ದು ನೋಡಿದರೆ ಉದ್ದದ ಗೋಡೆ ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಬಣ್ಣಕ್ಕೆ ಮುಂಚೆ ಎರಡೂ ಕಡೆ, ಅಂಚಿಗೂ ಸೇರಿಸಿ, ತೇವ ಹೀರದಂತೆ ತಡೆಯುವ ಸೀಲರ್ ಹೊಡೆಯಬೇಕು, ಒಳಗೆ ಅಡ್ಡಪಟ್ಟಿ ಕೊಡಬೇಕು. ಗಡಿಬಿಡಿಯಲ್ಲಿ ಕಿಟಕಿಗೆ ಗಾಜಿನ ಬದಲು ಹಾಕುವ ಪಾರದರ್ಶಕ ಓಎಚ್‌ಪಿ ಶೀಟನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ, ಅದರ ಹೊಗೆಗೆ ಕಿಟಕಿಗಳೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾದವು. ಕಿಟಕಿಗೆ ಮರದ ಬಿಳಿ ಅಂಟೇ ಸಾಕು.

ಅಂಗಡಿಗೆ ಸ್ಕೇಲಿನ ಹೆಸರು ಹೇಳಲೇಬೇಡಿ. ಇಳಿಸಿದ ಮೇಲಿನ ಅಳತೆಯಲ್ಲೇ ಫೈಲ್ ಕೊಡಿ, ಮೂಲೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿ, ಮೊದಲು ಅದನ್ನು ಕಟ್ ಮಾಡಿಸಿ ಅಲ್ಲೇ ಅಳತೆಪಟ್ಟಿ ಇಟ್ಟು ನೋಡಿ. ಅದಕ್ಕೂ ಮುಂಚೆ ಅದೇ ಫೈಲನ್ನು ಎ4 ಹಾಳೆಗಳ ಮೇಲೆ ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಹಳಿ ಪಕ್ಕ ನಿಲ್ಲಿಸಿ, ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಕೈಯಲ್ಲಿ ತಳ್ಳಿ. ಈಗಿನ ಪ್ಯಾಸೆಂಜರ್ ರೈಲುಗಳ ಉದ್ದದ ಎಲ್‌ಎಚ್‌ಬಿ ಬೋಗಿ ಎಚ್‌ಓದಲ್ಲಿ 27 ಸೆಂ.ಮೀ. ಬರುತ್ತದೆ, ತಿರುವಿನಲ್ಲಿ ಅದು ಎಲ್ಲೆಲ್ಲಿ ತಾಗುತ್ತದೆ ಅಂತ ರಟ್ಟೇ ಹೇಳುತ್ತದೆ. ಇಪ್ಪತ್ತು ರೂಪಾಯಿ ಖರ್ಚು.

ದಸರಾಕ್ಕೆ ರೈಲು ಓಡಿತು, ಮಿಲ್ಲು ಇರಲಿಲ್ಲ. ಅಮ್ಮ ಆ ಸೊಟ್ಟ ಗೋಡೆಯನ್ನು ಎಸೆಯಲು ಬಿಡದೆ ಶೆಟ್ಟಿ ಗೊಂಬೆಯ ದಿನಸಿ ಅಂಗಡಿ ಹಿಂದೆ ನಿಲ್ಲಿಸಿದ್ದರು. ಅರಿಶಿನ ಕುಂಕುಮಕ್ಕೆ ಬಂದವರು ಒಬ್ಬರು, 'ಗೋಡೌನ್ ಚೆನ್ನಾಗಿದೆ, ಬಾಗಿಲೇ ಸ್ವಲ್ಪ ಚಿಕ್ಕದಾಯ್ತು' ಅಂದರು.