ಇಂಗ್ಲಿಷಿನಲ್ಲಿ ಪಾಠ ನಡೆಯುವ ಮಾಸ್ಟರ್ಸ್‌ಗೆ ಜರ್ಮನಿಯೋ, ನೆದರ್ಲೆಂಡ್ಸೋ?

ಸಾಲ 20 ಲಕ್ಷ ದಾಟಬಾರದು ಅನ್ನುವವರಿಗೆ ಜರ್ಮನಿಯೇ ಸರಿ. ಎರಡೂ ಕಡೆ ಅರ್ಜಿ ಹಾಕಿ, ಖರ್ಚು ಕೂಡಿ ಕಳೆದು ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿವಿಯಲ್ಲಿ ಯುರೋಪಿನ ಹೊರಗಿನ ನಮ್ಮಂಥವರಿಗೆ ವರ್ಷದ ಫೀಸೇ 20,000 ಯೂರೋ ದಾಟುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿವಿಗಳಲ್ಲಿ ಫೀಸಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಎರಡು ಕಡೆ ಹುಷಾರು: ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ, ಮ್ಯೂನಿಕ್ ತಾಂತ್ರಿಕ ವಿವಿಯಲ್ಲಿ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ.

ವೀಸಾ ವಿಷಯದಲ್ಲಿ ಡಚ್ಚರು ಮೇಲು, ಅರ್ಜಿಯನ್ನು ವಿವಿಯೇ ಹಾಕುತ್ತದೆ. ಜರ್ಮನಿಗೆ ಮೊದಲು 18,000 ರೂಪಾಯಿಯ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎಂಬುದಕ್ಕೆ), ಆಮೇಲೆ ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ.

ನಿಜವಾದ ತೊಡಕು ಈ ಅಕೌಂಟಿನದೇ. ದುಡ್ಡು ನಿಮ್ಮದೇ, ತಿಂಗಳಿಗೆ 992 ಯೂರೋದಂತೆ ವಾಪಸ್ ಬರುತ್ತದೆ. ಆದರೆ ಅದು ಬರಲು ಅಲ್ಲಿ ಬ್ಯಾಂಕ್ ಖಾತೆ ಬೇಕು. ಅನೇಕ ಬ್ಯಾಂಕುಗಳು ಖಾತೆಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಕೇಳುತ್ತವೆ. ನೋಂದಣಿಗೆ ಮನೆ ಮಾಲೀಕರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು. ವಾರದ ಬಾಡಿಗೆಯ ರೂಮಿನವರು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಹೀಗೆ ಹನ್ನೆರಡು ಲಕ್ಷದಷ್ಟು ಸ್ವಂತ ದುಡ್ಡಿದ್ದೂ ಮೊದಲ ತಿಂಗಳ ಬಾಡಿಗೆಗೆ ಕೈ ಖಾಲಿ.

ಠೇವಣಿಯೂ ಆಗಲೇ ಬೀಳುತ್ತದೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಬರೀ ಬಾಡಿಗೆಯವರೆಗೆ (ಹೀಟಿಂಗ್, ನೀರಿನಂಥ ಖರ್ಚು ಬಿಟ್ಟು) ಹೋಗಬಹುದು. 400 ಯೂರೋ ರೂಮಿಗೆ 1,200. ಅದಕ್ಕೇ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ 2,000 ಯೂರೋ ಇರಲಿ. ಪ್ರವೇಶ ಪತ್ರ ಕೈಗೆ ಬಂದ ದಿನವೇ ಸ್ಟುಡೆಂಟೆನ್‌ವೆರ್ಕ್, ಅಂದರೆ ವಿದ್ಯಾರ್ಥಿ ಸೇವಾ ಸಂಸ್ಥೆಯ, ಹಾಸ್ಟೆಲಿಗೆ ಅರ್ಜಿ ಹಾಕಿ, ವೀಸಾಕ್ಕೆ ಕಾಯಬೇಡಿ. ಖಾಸಗಿ ರೂಮಾದರೆ ದುಡ್ಡು ಕಳಿಸುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಆನ್‌ಮೆಲ್ಡುಂಗ್ ಆಗುತ್ತದೆಯೇ?

ರೂಮಿನ ಬರ ನೆದರ್ಲೆಂಡ್ಸ್‌ನಲ್ಲೂ ಇದೆ, ಇನ್ನೂ ಜಾಸ್ತಿಯೇ.

ಪಾರ್ಟ್‌ಟೈಮ್ ಕೆಲಸಕ್ಕೆ ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ. ಡಚ್ಚರಲ್ಲಿ ವಾರಕ್ಕೆ 16 ಗಂಟೆ, ಅದಕ್ಕೂ ಕೆಲಸ ಕೊಡುವವರು ಪರವಾನಗಿ ತರಬೇಕು. ಸಣ್ಣ ಅಂಗಡಿಯವರು ಅದರ ಗೋಜಿಗೆ ಹೋಗುವುದು ಕಡಿಮೆ.

ಭಾಷೆ ಕಲಿಯುವ ಮನಸ್ಸೇ ಇಲ್ಲದವರು, ಸಾಲದ ಭಯವೂ ಇಲ್ಲದವರು ಡೆಲ್ಫ್ಟ್ ಆರಿಸಿಕೊಳ್ಳಲಿ. ಅಲ್ಲಿ ಅಂಗಡಿಯಲ್ಲೂ ಇಂಗ್ಲಿಷ್ ಸಾಕು. ಜರ್ಮನಿಯಲ್ಲಿ ಪಾಠ ಮಾತ್ರ ಇಂಗ್ಲಿಷು, ನೋಂದಣಿ ಕಚೇರಿಯ ಕಾಗದವೆಲ್ಲ ಜರ್ಮನ್. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಎರಡನೇ ಹಂತ ಎ2 ಮುಗಿಸಿಕೊಂಡೇ ವಿಮಾನ ಹತ್ತಿ.