ವಿನೆಗರ್, ಮೈಲುತುತ್ತ, ಬ್ಯಾಟರಿ ಆಸಿಡ್: ತಾಮ್ರ ಶುದ್ಧಿಗೆ ಮೂರು ದ್ರಾವಣ

ವಿಜಯಪುರದಲ್ಲಿ ಬೇಸಿಗೆ ಬಂತೆಂದರೆ ನಮ್ಮ ಓಣಿಯ ರಿವೈಂಡಿಂಗ್ ಅಂಗಡಿಯ ಮುಂದೆ ಸುಟ್ಟ ಬೋರ್‌ವೆಲ್ ಮೋಟಾರುಗಳ ರಾಶಿ. ಸುರುಳಿಯ ತಂತಿ ಮೊದಲೇ ಶುದ್ಧ ತಾಮ್ರ. ಅದನ್ನು ಮತ್ತೆ ಶುದ್ಧಿ ಮಾಡುವುದು ವ್ಯರ್ಥ. ನಾನು ಕೇಳಿ ತಂದದ್ದು ಬೆಸುಗೆ ಹತ್ತಿದ ತುದಿಗಳನ್ನೆಲ್ಲ ಕರಗಿಸಿದ ಗಟ್ಟಿ. ತವರ, ಸೀಸ ಬೆರೆತ ಅದನ್ನು ಗುಜರಿಯವನು ತಿರುಗಿಸಿ ನೋಡಿ ಕೆಳಗಿಟ್ಟಿದ್ದ. ಆ ಗಟ್ಟಿಯನ್ನು ವಿದ್ಯುತ್ತಿನ ಧನ ತುದಿಗೆ, ಒಂದು ಸ್ಟೀಲ್ ತಗಡನ್ನು ಋಣ ತುದಿಗೆ ಕಟ್ಟಿ ತಕ್ಕ ದ್ರಾವಣದಲ್ಲಿ ಇಳಿಬಿಟ್ಟರೆ, ಗಟ್ಟಿಯ ತಾಮ್ರ ಕರಗಿ ತಗಡಿನ ಮೇಲೆ ಶುದ್ಧವಾಗಿ ಕೂರುತ್ತದೆ. ಯಾವ ದ್ರಾವಣ ಒಳ್ಳೆಯದೆಂದು ಮೂರನ್ನು ಪರೀಕ್ಷಿಸಿದೆ.

ಮೊದಲ ಸರದಿ ವಿನೆಗರ್ ಮತ್ತು ಉಪ್ಪಿನದು, ಜೊತೆಗೆ 5 ವೋಲ್ಟಿನ ಹಳೆಯ ಮೊಬೈಲ್ ಚಾರ್ಜರ್. ಅಡುಗೆಮನೆಯಲ್ಲೇ ಸಿಗುತ್ತದೆ ಎಂಬುದೊಂದೇ ಅದರ ಗುಣ. ತಗಡಿಗೆ ಅಂಟಿದ್ದು ಕಂದು ರಾಡಿ, ಬೆರಳು ತಾಗಿದರೆ ಜಾರುತ್ತಿತ್ತು. ಉಪ್ಪುನೀರಿನಿಂದ ಕ್ಲೋರಿನ್ ಏಳುವ ಭಯ ಬೇರೆ. ಒಂದೇ ದಿನಕ್ಕೆ ಕೈಬಿಟ್ಟೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು, ನಮ್ಮಲ್ಲಿ ಹುಡುಕಬೇಕಾದ ವಸ್ತುವಲ್ಲ. ದ್ರಾಕ್ಷಿ ಬೆಳೆಗಾರರು ಬಳ್ಳಿಯ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಒಯ್ಯುವುದು ಅದನ್ನೇ. ಲೀಟರ್ ನೀರಿಗೆ 200 ಗ್ರಾಂ ಕರಗಿಸಿದೆ. ತಾಮ್ರವೇನೋ ಕುಳಿತಿತು, ಆದರೆ ಅಂಚಿನಲ್ಲೆಲ್ಲ ಗಂಟು. ಬರಿಯ ಮೈಲುತುತ್ತದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ. ವೋಲ್ಟ್ ಏರಿಸುತ್ತಲೇ ಇರಬೇಕಾಯಿತು.

ಅದೇ ನೀರಿಗೆ ಬ್ಯಾಟರಿ ಆಸಿಡ್, ಅಂದರೆ ನೀರು ಬೆರೆತ ಸಲ್ಫ್ಯೂರಿಕ್ ಆಸಿಡ್, ಸೇರಿಸಿದಾಗ ಆಟವೇ ಬದಲಾಯಿತು. (ಆಸಿಡನ್ನು ನೀರಿಗೆ ಹನಿಹನಿಯಾಗಿ ಸುರಿಯಬೇಕು, ನೀರನ್ನು ಆಸಿಡಿಗಲ್ಲ, ಕನ್ನಡಕ, ಕೈಗವಸು ಇಲ್ಲದೆ ಮುಟ್ಟಲೇಬಾರದು.) 0.3 ವೋಲ್ಟಿಗೇ 1 ಆಂಪಿಯರ್ ಹರಿಯಿತು. ಲೆಕ್ಕದ ಪ್ರಕಾರ 1 ಆಂಪಿಯರ್ ಒಂದು ಗಂಟೆಗೆ 1.186 ಗ್ರಾಂ ತಾಮ್ರ ಕೂರಿಸುತ್ತದೆ. 10 ಗಂಟೆಯ ನಂತರ ನನ್ನ ತಕ್ಕಡಿ 11.3 ತೋರಿಸಿತು. ಐದು ಸೆಂಟಿಮೀಟರ್ ಚದರದ ಸ್ಟೀಲ್ ತಗಡನ್ನು ತುಸು ಬಾಗಿಸಿದ್ದೇ ತಡ, ಹಂಚಿನಿಂದ ರೊಟ್ಟಿ ಎದ್ದಂತೆ ನಸುಗೆಂಪು ಹಾಳೆ ಎದ್ದುಬಂತು. ಸ್ಟೀಲ್ ಮಾತ್ರ ಋಣ ತುದಿಗೇ ಇರಲಿ. ಧನ ತುದಿಗೆ ಕಟ್ಟಿದರೆ ಅದೇ ಕರಗಿ ಕ್ರೋಮಿಯಂ, ನಿಕಲ್ ದ್ರಾವಣ ಸೇರುತ್ತವೆ.

ಇಷ್ಟಕ್ಕೆ ತೃಪ್ತಿಯಾಗದೆ ಒಂದು ರಾತ್ರಿ 3 ಆಂಪಿಯರಿಗೆ ಏರಿಸಿ ಮಲಗಿದೆ. ಬೆಳಿಗ್ಗೆ ತಗಡಿನ ಅಂಚಿನಿಂದ ಜಾಲಿಮುಳ್ಳಿನಂಥ ಕೆಂಪು ಕಡ್ಡಿಗಳು ಬೆಳೆದು ಎದುರಿನ ಗಟ್ಟಿಯನ್ನು ಮುಟ್ಟಿದ್ದವು. ರಾತ್ರಿಯ ವಿದ್ಯುತ್ತೆಲ್ಲ ಆ ಕಡ್ಡಿಗಳ ಮೂಲಕವೇ ಹರಿದುಹೋಗಿತ್ತು.

ಗಟ್ಟಿಗೆ ಹಳೆಯ ಪಾಲಿಸ್ಟರ್ ಅಂಗಿಯ ತೋಳು ತೊಡಿಸಿದ್ದೆ. ಹತ್ತಿಬಟ್ಟೆಯಾದರೆ ಆಸಿಡ್ ತಿಂದುಬಿಡುತ್ತದೆ. ತೋಳಿನ ತಳದಲ್ಲಿ ಬೂದುಬಣ್ಣದ ಕೆಸರು ನಿಂತಿತ್ತು. ಸೀಸ ಸಲ್ಫೇಟ್ ಆಗಿ ಅಲ್ಲೇ ಉಳಿಯುತ್ತದೆ. ಕಬ್ಬಿಣ, ಸತುವಿದ್ದರೆ ದ್ರಾವಣದಲ್ಲಿ ಉಳಿಯುತ್ತವೆ, ತಗಡಿಗೆ ಬರುವುದಿಲ್ಲ.

ಲಾಭದ ಮಾತು ಬೇಡ. 1 ಆಂಪಿಯರಿನಲ್ಲಿ ಒಂದು ಕಿಲೋ ತಾಮ್ರಕ್ಕೆ 35 ದಿನ ಬೇಕು. ಆದರೂ ನನ್ನ ಆಯ್ಕೆ ಆಸಿಡ್ ಬೆರೆಸಿದ ಮೈಲುತುತ್ತವೇ. ಹಳೆಯ ದ್ರಾವಣವನ್ನು ಚರಂಡಿಗೆ ಚೆಲ್ಲಿಲ್ಲ. ಡಬ್ಬಿಯಲ್ಲಿ ತುಕ್ಕು ಉಜ್ಜಿದ ಮೊಳೆಗಳನ್ನು ಹಾಕಿಟ್ಟಿದ್ದೇನೆ, ಅವು ತಾಮ್ರ ಹಿಡಿದು ಕೆಂಪಾಗುತ್ತಿವೆ. ನೀಲಿ ಪೂರ್ತಿ ಹೋದ ಮೇಲೆ ಸುಣ್ಣ ಹಾಕಬೇಕು.